ಕೊಂಬೋ, ಫ್ಲಾಸ್ಕೋ, ಕೊಳವೆಯೋ? ಬಾಯಿಂದ ಮದ್ದು ತುಂಬುವ ಕೋವಿಗೆ ಮನೆಯಲ್ಲೇ ಏನೇನು ಮಾಡಿಕೊಳ್ಳಬಹುದು

ಅಮೆರಿಕದಲ್ಲಿರುವ ನಮ್ಮವರಲ್ಲಿ ಹಳೇ ಕಾಲದ ಕೋವಿಯ ಹುಚ್ಚು ಹಿಡಿದವರು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ. ಅದರಲ್ಲೂ ಕೊಡಗು, ಮಲೆನಾಡು ಕಡೆಯಿಂದ ಬಂದವರು. ಕೇಪು, ಅಂದರೆ ಬಡಿದಾಗ ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿ, ಹಾಕಿ ಹೊಡೆಯುವ ಕೇಪಿನ ಕೋವಿ ಅವರಿಗೆ ಹೊಸದಲ್ಲ, ಅಜ್ಜನ ಮನೆಯ ಗೋಡೆಯಲ್ಲಿ ನೋಡಿಯೇ ಬೆಳೆದಿದ್ದಾರೆ. ಇಲ್ಲಿ ಪೆನ್ಸಿಲ್ವೇನಿಯಾದಲ್ಲೋ ಇಂಡಿಯಾನಾದಲ್ಲೋ ಒಂದು ಕಿಟ್ ತಂದು, ಮರ ಉಜ್ಜಿ, ಎಣ್ಣೆ ಹಚ್ಚಿ ಕೋವಿ ನಿಲ್ಲಿಸಿಕೊಳ್ಳುತ್ತಾರೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ. ಮದ್ದಿಗೆ ಕೊಂಬು ಮಾಡಿಕೊಳ್ಳಲಾ, ಹಿತ್ತಾಳೆ ಫ್ಲಾಸ್ಕ್ ತಗೊಳ್ಳಲಾ, ಇಲ್ಲಾ ಮನೆಯಲ್ಲೇ ಅಳೆದು ಸಣ್ಣ ಸಣ್ಣ ಕೊಳವೆಗಳಲ್ಲಿ ತುಂಬಿಟ್ಟುಕೊಂಡು ಹೋಗಲಾ?

ಕೊಂಬು ನೋಡೋಕೆ ಚೆಂದ, ಅದಕ್ಕೇ ಎಲ್ಲರೂ ಅಲ್ಲಿಂದ ಶುರು ಮಾಡುತ್ತಾರೆ. ನನ್ನ ಕೇಳಿದರೆ ಅದು ಎರಡನೇ ಸಾಲಿನ ವಿಷಯ. ಮೊದಲು ಗಮನ ಕೊಡಬೇಕಾದ್ದು ಎರಡಕ್ಕೆ, ಒಂದು ಸಲಕ್ಕೆ ಬೇಕಾದಷ್ಟು ಮದ್ದು ಅಳೆದು ಸುರಿಯುವ ಅಳತೆ, ಮತ್ತು ಗುಂಡನ್ನು ನಳಿಗೆಯೊಳಗೆ ಒತ್ತುವ ಕೋಲು, ಅಂದರೆ ಗಜ. ಇವೆರಡು ಸರಿ ಇದ್ದರೆ ಮದ್ದು ಯಾವುದರಲ್ಲಿ ಹೊತ್ತುಕೊಂಡು ಹೋದರೂ ನಡೆಯುತ್ತದೆ. ಇವೆರಡು ಸರಿ ಇಲ್ಲದಿದ್ದರೆ ಕೊಂಬಿನ ಮೇಲೆ ಎಷ್ಟು ಚಿತ್ರ ಕೆತ್ತಿದರೂ ಪ್ರಯೋಜನ ಇಲ್ಲ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898ರವರೆಗಿನ ಕೋವಿಗಳು, ಮತ್ತು ಅವುಗಳ ಮಾದರಿಯಲ್ಲಿ ಮಾಡಿದ ಬಾಯಿಂದ ತುಂಬುವ ಕೋವಿಗಳು ಬೇರೆ ಲೆಕ್ಕ. ಆದರೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುತ್ತದೆ, ನಿಮ್ಮ ರಾಜ್ಯದ್ದು ನೋಡಿಕೊಳ್ಳಿ. ಊರಲ್ಲಿರುವವರು ಇದನ್ನು ಓದಿ ಹುರುಪಾಗಬೇಡಿ. ಭಾರತದಲ್ಲಿ ಕೇಪಿನ ಕೋವಿಗೂ ಲೈಸೆನ್ಸ್ ಬೇಕು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಮಾತ್ರ ವಿನಾಯಿತಿ ಇದೆ, ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದರು. ಹವ್ಯಾಸದ ಶಿಕಾರಿಗಂತೂ 1972ರ ವನ್ಯಜೀವಿ ಕಾಯ್ದೆಯಡಿ ಈಗ ಯಾರಿಗೂ ಅವಕಾಶ ಇಲ್ಲ.

ಯಾವ ಲೆಕ್ಕದಲ್ಲಿ ತೂಗಬೇಕು

ನಾನು ಯಾವ ಸಾಮಾನನ್ನು ನೋಡಿದರೂ ಮೊದಲು ಕೇಳಿಕೊಳ್ಳುವುದು, ಏನಾದರೂ ಹೆಚ್ಚುಕಡಿಮೆ ಆದರೆ ಎಷ್ಟು ಮದ್ದು ಹೊತ್ತಿಕೊಳ್ಳುತ್ತದೆ, ಆಗ ನನ್ನ ಕೈ ಎಲ್ಲಿರುತ್ತದೆ? ಇದಕ್ಕೆ ಒಳ್ಳೆ ಉತ್ತರ ಸಿಗದಿದ್ದರೆ ಮುಂದಿನ ಲೆಕ್ಕವೇ ಬೇಡ.

ಎರಡನೆಯದು, ಪ್ರತಿ ಸಲ ಒಂದೇ ಥರ ಆಗುತ್ತದಾ ಅನ್ನೋದು. ಈ ಕೋವಿಯಲ್ಲಿ ಗುರಿ ಕೂರುವುದು ದುಡ್ಡಿನಿಂದ ಅಲ್ಲ. ಅದೇ ಮದ್ದು, ಗುಂಡಿಗೆ ಸುತ್ತುವ ಅದೇ ಬಟ್ಟೆ, ಅದಕ್ಕೆ ಹಚ್ಚುವ ಅದೇ ಜಿಡ್ಡು, ಅದೇ ಒತ್ತಡ ಇದ್ದರೆ ಗುರಿ ತಾನಾಗಿ ಕೂರುತ್ತದೆ. ಮೂರನೆಯದು ಜಾಗ. ಗುರಿ ಹೊಡೆಯುವ ರೇಂಜಿನಲ್ಲಿ ಮುಂದೆ ಮೇಜು ಇರುತ್ತದೆ, ಬೇಕಾದ್ದೆಲ್ಲ ಹರಡಿಕೊಳ್ಳಬಹುದು. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್ಮಸ್ ಆದ ಮೇಲೆ ಚಕಮಕಿ ಕೋವಿಗೆ (ಕಲ್ಲಿನ ಕಿಡಿಯಿಂದ ಹೊತ್ತುವಂಥದ್ದು) ಅಂತಲೇ ಜಿಂಕೆ ಬೇಟೆಯ ಸೀಸನ್ ಇದೆಯಲ್ಲ, ಆ ಚಳಿಯಲ್ಲಿ ಮರಗಟ್ಟಿದ ಬೆರಳಲ್ಲಿ ಸಣ್ಣ ಬಿರಡೆ ತೆಗೆಯೋದು ಬೇರೆಯೇ ಕಥೆ. ಇನ್ನು ಹಳೇ ಕಾಲದ ವೇಷದಲ್ಲಿ ಸೇರುವ ರಾಂಡೆವೂಗಳಿಗೆ ಹೋಗುವವರಿಗೆ 1840ಕ್ಕಿಂತ ಮೊದಲು ಇಲ್ಲದಿದ್ದ ವಸ್ತು ಹೊರಗೆ ಕಾಣಬಾರದು. ಅವರಿಗೆ ಪ್ಲಾಸ್ಟಿಕ್ಕು ಮೊದಲೇ ಹೊರಗೆ.

ಕೊನೆಗೆ ನಿಮ್ಮ ಹತ್ತಿರ ಏನಿದೆ ಅನ್ನೋದು. ಗರಗಸ, ಅರ, ಡ್ರಿಲ್, ಮರಳು ಕಾಗದ ಇಷ್ಟಿದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇದ್ದರೆ ಕೊಂಬು ಕೊರೆಯುವ ಯೋಚನೆ ಬಿಡಿ. ಆ ವಾಸನೆಗೆ ಪಕ್ಕದ ಮನೆಯವರು ದೂರು ಕೊಡುತ್ತಾರೆ.

ಅಳತೆ: ಇಲ್ಲಿಂದ ಶುರು ಮಾಡಿ

ಕೊಂಬಿನಿಂದಾಗಲೀ ಫ್ಲಾಸ್ಕಿನಿಂದಾಗಲೀ ನೇರ ನಳಿಗೆಗೆ ಮದ್ದು ಸುರಿಯಬಾರದು. ಕಾರಣ ಸರಳ. ಹಿಂದಿನ ಈಡಿನ, ಅಂದರೆ ಒಂದು ಸಲ ತುಂಬಿ ಹೊಡೆದ ಮದ್ದಿನ, ಕೆಂಡದ ಚೂರು ನಳಿಗೆಯ ತಳದಲ್ಲಿ ಉಳಿದಿರಬಹುದು. ಅಳತೆಯಿಂದ ಸುರಿಯುವಾಗ ಅದು ಹೊತ್ತಿಕೊಂಡರೆ 60 ಗ್ರೇನ್ (ಪೌಂಡಿಗೆ 7000 ಗ್ರೇನ್) ಮದ್ದು ಭುಸ್ಸೆನ್ನುತ್ತದೆ, ಬೆರಳು ಸುಡಬಹುದು. ಕೊಂಬಿನಿಂದ ಸುರಿಯುವಾಗ ಹೊತ್ತಿಕೊಂಡರೆ ಅರ್ಧ ಪೌಂಡ್, ಅಂದರೆ 3500 ಗ್ರೇನ್ ಮದ್ದು ಕೈಯಲ್ಲೇ ಸಿಡಿಯುತ್ತದೆ. ಅಳತೆ ಇರುವುದು ಬರೀ ಅಳೆಯೋಕಲ್ಲ, ಮದ್ದಿನ ದಾಸ್ತಾನಿಗೂ ನಳಿಗೆಗೂ ನಡುವೆ ಅಡ್ಡ ನಿಲ್ಲೋಕೆ.

ಅಳತೆಗೆ ಮನೆಯಲ್ಲಿ ಮಾಡಿಕೊಳ್ಳಬಹುದಾದ ದಾರಿ ಮೂರಿವೆ. ಜಿಂಕೆ ಕೊಂಬಿನ ತುದಿ, ಬಿದಿರಿನ ತುಂಡು, ಹಾರಿಸಿ ಮುಗಿದ ತೋಟಾದ ಹಿತ್ತಾಳೆ ಕೇಸು.

ಹಿತ್ತಾಳೆ ಕೇಸು ಎಲ್ಲಕ್ಕಿಂತ ಸುಲಭ. ಕಿಡಿ ಹಾರಿಸುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಒಡೆಯುವುದಿಲ್ಲ. ಬೇಕಾದ ಅಳತೆ ಬರುವವರೆಗೆ ಬಾಯಿಯನ್ನು ಅರದಲ್ಲಿ ತಗ್ಗಿಸಿ, ಹಿಂದೆ ಒಂದು ಮರದ ಹಿಡಿ ಕೂರಿಸಿದರೆ ಮುಗಿಯಿತು. 45-70 ಅನ್ನೋ ಕೇಸು ಈ ಕೆಲಸಕ್ಕೆ ಪ್ರಸಿದ್ಧ. 1873ರಲ್ಲಿ ಅಮೆರಿಕದ ಸೈನ್ಯ ತಂದದ್ದು, 70 ಅಂದರೆ 70 ಗ್ರೇನ್ ಕರಿಮದ್ದು. ಆದರೆ ಹೆಸರು ನಂಬಿ ಕೂರಬೇಡಿ. ಈಗಿನ ಕೇಸುಗಳ ತಳ ದಪ್ಪ, ಅಷ್ಟು ಹಿಡಿಸುವುದಿಲ್ಲ. ಅಳೆದೇ ನೋಡಬೇಕು. ಮತ್ತೆ ಒಂದು ಎಚ್ಚರ. ರೇಂಜಿನಲ್ಲಿ ಬಿದ್ದಿರುವ, ಹಾರಿಸಿ ಖಾಲಿಯಾದ ಕೇಸನ್ನೇ ತನ್ನಿ. ಜೀವ ಇರುವ ತೋಟಾ ಬಿಚ್ಚಿ ಖಾಲಿ ಮಾಡುವ ಸಾಹಸ ಬೇಡ.

ಜಿಂಕೆ ಕೊಂಬಿನ ಅಳತೆ ಕೈಗೆ ಹಿತ, ರಾಂಡೆವೂಗೂ ಒಪ್ಪುತ್ತದೆ. ಕೊಂಬಿನ ಕವಲಿನ ತುದಿ ಗಟ್ಟಿ, ಬುಡದ ಕಡೆ ಒಳಗೆ ರಂಧ್ರ ರಂಧ್ರವಾಗಿ ಮೆತ್ತಗಿರುತ್ತದೆ. ಗಟ್ಟಿ ಭಾಗ ಸಾಕಷ್ಟು ಇರುವ ತುಂಡು ಆರಿಸಬೇಕು, ಇಲ್ಲದಿದ್ದರೆ ಮದ್ದಿನ ಕಾಳು ಆ ರಂಧ್ರಗಳಲ್ಲಿ ಸಿಕ್ಕಿಕೊಂಡು ಅಳತೆ ಏರುಪೇರಾಗುತ್ತದೆ. ಕೊರೆಯುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಾಗೇ, ಊರಿಂದ ಜಿಂಕೆ ಕೊಂಬು ಸೂಟ್‌ಕೇಸಿನಲ್ಲಿ ತರುವ ಯೋಚನೆ ಯಾರಿಗಾದರೂ ಬಂದರೆ ಈಗಲೇ ಬಿಟ್ಟುಬಿಡಿ. ಭಾರತದಲ್ಲಿ ತಾನಾಗಿ ಉದುರಿದ ಕೊಂಬು ಇಟ್ಟುಕೊಂಡರೂ ಕೇಸು ಬೀಳುತ್ತದೆ. ಇಲ್ಲಿ ಬಿಳಿಬಾಲದ ಜಿಂಕೆಯ ಕೊಂಬು ಬೇಟೆಯವರ ಹತ್ತಿರ ಬೇಕಾದಷ್ಟು ಸಿಗುತ್ತದೆ.

ಬಿದಿರು ನಮ್ಮವರಿಗೆ ಪ್ರೀತಿ, ಖರ್ಚೂ ಇಲ್ಲ. ಗಿಣ್ಣೇ ತಳವಾಗುತ್ತದೆ, ಕೊರೆಯುವ ಕೆಲಸವೇ ಇಲ್ಲ. ಆದರೆ ಚಳಿಗಾಲದಲ್ಲಿ ಇಲ್ಲಿನ ಮನೆಗಳಲ್ಲಿ ಹೀಟರ್ ಹಾಕಿದರೆ ಗಾಳಿ ಎಷ್ಟು ಒಣಗುತ್ತದೆ ಅಂದರೆ ಬಿದಿರು ಉದ್ದಕ್ಕೂ ಸೀಳು ಬಿಡುತ್ತದೆ. ಸೀಳಿನಿಂದ ಮದ್ದು ಸೋರುತ್ತದೆ. ಇದನ್ನು ತಾತ್ಕಾಲಿಕ ಅಂತ ಇಟ್ಟುಕೊಳ್ಳಿ.

ಮೂರಕ್ಕೂ ಅನ್ವಯಿಸುವ ಮಾತು ಇದು. ಮೊದಲು ಅಂಗಡಿಯಿಂದ ಹೆಚ್ಚುಕಡಿಮೆ ಮಾಡಬಹುದಾದ ಒಂದು ಹಿತ್ತಾಳೆ ಅಳತೆ ತನ್ನಿ, ತೀರಾ ದುಬಾರಿಯೇನಲ್ಲ. ಕೋವಿ ಮಾಡಿದವರ ಪುಸ್ತಕದಲ್ಲಿ ಕೊಟ್ಟಿರುವ ಮಿತಿಯೊಳಗೆ, ನಿಮ್ಮ ಕೋವಿಗೆ ಯಾವ ಈಡು ಹಿಡಿಸುತ್ತದೆ ಅಂತ ರೇಂಜಿನಲ್ಲಿ ಕಂಡುಕೊಳ್ಳಿ. 50 ಕ್ಯಾಲಿಬರ್, ಅಂದರೆ ಅರ್ಧ ಇಂಚಿನ ನಳಿಗೆಯ ಕೋವಿಯಲ್ಲಿ ಕಾಗದದ ಗುರಿಗೆ ಸಾಮಾನ್ಯವಾಗಿ 50ರಿಂದ 70 ಗ್ರೇನ್ ಒಳಗೇ ಉತ್ತರ ಸಿಗುತ್ತದೆ. ಅದು ಗೊತ್ತಾದ ಮೇಲೆ ಆ ಒಂದೇ ಈಡಿಗೆ ಸರಿಯಾಗಿ ಜಿಂಕೆ ಕೊಂಬಿನ ಅಳತೆ ಕೊರೆಯಿರಿ. ಸ್ವಲ್ಪ ಕೊರೆದು ಅಳೆಯಿರಿ, ಮತ್ತೆ ಸ್ವಲ್ಪ. ಕೊರೆದದ್ದು ವಾಪಸ್ ಬರುವುದಿಲ್ಲ. ಡ್ರಿಲ್ ಓಡುವ ಜಾಗದಲ್ಲಿ ಮದ್ದು ಇರಕೂಡದು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಇನ್ನೊಂದು ವಿಷಯ. ಕರಿಮದ್ದನ್ನೂ ಪೈರೋಡೆಕ್ಸ್ ಥರದ ಬದಲಿ ಮದ್ದುಗಳನ್ನೂ ಈ ಕೋವಿಗಳಲ್ಲಿ ಅಳೆಯುವುದು ಗಾತ್ರದಲ್ಲಿ. ಪೈರೋಡೆಕ್ಸ್ ಹಗುರ, ಅದನ್ನು ತಕ್ಕಡಿಯಲ್ಲಿ ತೂಗಿ ಅಷ್ಟೇ ಗ್ರೇನ್ ಹಾಕಿದರೆ ಈಡು ಮಿತಿ ಮೀರುತ್ತದೆ. ಈಗಿನ ತೋಟಾಗಳಲ್ಲಿ ಬರುವ ಹೊಗೆಯಿಲ್ಲದ ಮದ್ದನ್ನಂತೂ ಚಿಟಿಕೆಯಷ್ಟೂ ಹಾಕಬಾರದು. ನಳಿಗೆ ಒಡೆಯುತ್ತದೆ.

ಗಜ: ದುಡ್ಡು ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ

ಗಜವನ್ನು ಮನೆಯಲ್ಲಿ ಮಾಡಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ, ಏನು ಮಹಾ ಒಂದು ಕೋಲು ತಾನೇ ಅಂತ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ದುಂಡು ಕೋಲು ತಂದು ತುದಿಗೆ ಹಿತ್ತಾಳೆ ಟೊಪ್ಪಿ ಅಂಟಿಸುತ್ತಾರೆ. ಇದು ನನಗೆ ಕಿಂಚಿತ್ತೂ ಇಷ್ಟ ಇಲ್ಲದ ಕೆಲಸ. ಆ ಕೋಲುಗಳನ್ನು ಗರಗಸದಲ್ಲಿ ಕೊಯ್ದು ದುಂಡಗೆ ಮಾಡಿರುತ್ತಾರೆ, ಮರದ ಎಳೆ ಓರೆಯಾಗಿ ಹೊರಗೆ ಬಂದಿರುತ್ತದೆ. ಗುಂಡು ಒತ್ತುವಾಗ ಆ ಓರೆ ಎಳೆಯಲ್ಲೇ ಮುರಿದು, ಚೂಪಾದ ತುದಿ ಅಂಗೈಯೊಳಗೋ ಮಣಿಕಟ್ಟಿನೊಳಗೋ ಹೋಗುತ್ತದೆ. ಹೀಗೆ ಗಾಯ ಮಾಡಿಕೊಂಡವರು ಈ ಹವ್ಯಾಸದಲ್ಲಿ ಕಡಿಮೆ ಇಲ್ಲ.

ಮರದ ಗಜವೇ ಬೇಕೆಂದರೆ ಹಿಕರಿ ಮರವನ್ನು ಎಳೆಗುಂಟ ಸೀಳಿ ಮಾಡಿದ್ದು ಬೇಕು. ಎಳೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ಓಡಿರಬೇಕು. ಅಂಥ ಸೀಳಿದ ಹಿಕರಿ ಕಡ್ಡಿ ಮಾರುವವರಿದ್ದಾರೆ, ಅದನ್ನು ತಂದು ಕೆರೆದು ನಯ ಮಾಡಿ, ಅಗಸೆ ಎಣ್ಣೆ ಕುಡಿಸಿ, ತುದಿಯ ಟೊಪ್ಪಿಯನ್ನು ಅಂಟಿನ ಜೊತೆಗೆ ಅಡ್ಡ ಪಿನ್ ಹಾಕಿ ಕೂರಿಸಿ. ಅಂಟೊಂದೇ ನಂಬಿದರೆ ಉಜ್ಜುವ ಬಟ್ಟೆಯ ಜೊತೆ ಟೊಪ್ಪಿಯೂ ಒಳಗೇ ಉಳಿಯುತ್ತದೆ.

ರೇಂಜಿಗೆ ಬರೀ ಹಿತ್ತಾಳೆಯ ಗಜವೋ, ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನದ್ದೋ ಕೊಂಡುಬಿಡಿ. ಮುರಿಯುವ ಪ್ರಶ್ನೆ ಇಲ್ಲ. ಹಿತ್ತಾಳೆ ಭಾರ, ನಳಿಗೆಯ ಬಾಯಿ ಸವೆಸದಂತೆ ಮಧ್ಯೆ ಹಿಡಿಯೋಕೆ ಒಂದು ಗೈಡ್ ಬೇಕು. ಡೆಲ್ರಿನ್ ಬಾಗುತ್ತದೆ, ಬಿಗಿಯಾದ ಗುಂಡಿಗೆ ಸ್ವಲ್ಪ ಕಿರಿಕಿರಿ. ಬಿದಿರಿನ ಗಜ ಮಾಡಬಹುದಾ ಅಂತ ಕೇಳುತ್ತಾರೆ. ಬೇಡ. ಗಿಣ್ಣಿನ ಹತ್ತಿರ ಅದು ಯಾವಾಗ ಸೀಳುತ್ತದೋ ಹೊರಗಿಂದ ಗೊತ್ತಾಗುವುದಿಲ್ಲ.

ಯಾವ ಗಜ ಆದರೂ ನೀವೇ ಮಾಡಬೇಕಾದ ಕೆಲಸ ಒಂದಿದೆ, ಅದಕ್ಕೆ ಕಾಸೂ ಖರ್ಚಿಲ್ಲ. ಖಾಲಿ ನಳಿಗೆಗೆ ಗಜ ಇಳಿಸಿ ಬಾಯಿಯ ಮಟ್ಟದಲ್ಲಿ ಒಂದು ಗೆರೆ ಹಾಕಿ. ನಿಮ್ಮ ಈಡು ತುಂಬಿ ಗುಂಡು ಮದ್ದಿನ ಮೇಲೆ ಸರಿಯಾಗಿ ಕೂತಾಗ ಇನ್ನೊಂದು ಗೆರೆ. ಗುಂಡು ಮದ್ದಿನಿಂದ ಮೇಲೆ ನಿಂತರೆ, ನಡುವೆ ಖಾಲಿ ಜಾಗ ಉಳಿದರೆ, ನಳಿಗೆ ಉಬ್ಬುವುದೋ ಒಡೆಯುವುದೋ ಗ್ಯಾರಂಟಿ ಅಂತ ತಿಳಿದುಕೊಂಡೇ ನಡೆಯಬೇಕು. ಎರಡನೇ ಗೆರೆ ಅದನ್ನು ಹೇಳುತ್ತದೆ. ಮೊದಲನೇ ಗೆರೆ ಕೋವಿ ಖಾಲಿ ಇದೆಯೋ ತುಂಬಿದೆಯೋ ಅಂತ ಹೇಳುತ್ತದೆ. ಊರಲ್ಲಿ ಗೋಡೆಗೆ ನೇತುಹಾಕಿದ ಕೇಪಿನ ಕೋವಿಯೊಳಗೆ ಯಾವುದೋ ಕಾಲದ ಈಡು ಹಾಗೇ ಉಳಿದಿರುವ ಕಥೆಗಳು ಎಷ್ಟಿಲ್ಲ! ಒತ್ತುವಾಗ ನಳಿಗೆಯ ಬಾಯಿಂದ ಒಂದು ಗೇಣಿಗಿಂತ ಮೇಲೆ ಗಜ ಹಿಡಿಯಬೇಡಿ, ಸ್ವಲ್ಪ ಸ್ವಲ್ಪ ಒತ್ತಿ. ಮುಖ, ಎದೆ ಬಾಯಿಯ ನೇರಕ್ಕೆ ಬರಬಾರದು.

ಈಗ ಬನ್ನಿ, ಕೊಂಬು

ಹಸುವಿನ ಕೊಂಬು ಯಾಕೆ ಇಷ್ಟು ಕಾಲ ಉಳಿಯಿತು ಅಂದರೆ ಅದಕ್ಕೆ ಕಾರಣ ಇದೆ. ಹಗುರ, ನೀರು ಒಳಗೆ ಹೋಗುವುದಿಲ್ಲ, ಕಿಡಿ ಹಾರಿಸುವುದಿಲ್ಲ, ತೆಳ್ಳಗೆ ಕೆರೆದರೆ ಬೆಳಕಿಗೆ ಹಿಡಿದು ಎಷ್ಟು ಮದ್ದು ಉಳಿದಿದೆ ಅಂತ ನೋಡಬಹುದು. 1754ರಿಂದ 1763ರವರೆಗೆ ಅಮೆರಿಕದಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ನಡೆದಾಗ ಸೈನಿಕರು ಕೊಂಬಿನ ಮೇಲೆ ಹಡ್ಸನ್ ನದಿ, ಮೊಹಾಕ್ ಕಣಿವೆ, ದಾರಿಯ ಕೋಟೆಗಳು ಎಲ್ಲ ಕೆತ್ತಿಕೊಳ್ಳುತ್ತಿದ್ದರು. ಆ ನಕ್ಷೆ ಕೊಂಬುಗಳು ಈಗ ಮ್ಯೂಸಿಯಮ್ಮಿನಲ್ಲಿವೆ.

ಮಾಡುವುದು ಕಷ್ಟ ಅಲ್ಲ, ಸಮಯ ಬೇಕು. ಹಸಿ ಕೊಂಬು ಅಷ್ಟೇನೂ ದುಬಾರಿಯಲ್ಲ. ಬಲಕ್ಕೆ ನೇತುಹಾಕುವವರಿಗೆ ಒಂದು ಬಾಗು, ಎಡಕ್ಕೆ ಇನ್ನೊಂದು, ಮೈಗೆ ಒತ್ತಿಕೊಳ್ಳುವಂಥದ್ದು ಆರಿಸಿ. ಒಳಗಿನ ಟೊಳ್ಳು ಎಲ್ಲಿಗೆ ಮುಗಿಯುತ್ತದೆ ಅಂತ ಒಂದು ತಂತಿ ಹಾಕಿ ನೋಡಿ, ಹೊರಗಿನಿಂದ ಗುರುತು ಮಾಡಿ, ತುದಿಯ ಗಟ್ಟಿ ಭಾಗದಿಂದ ಅಲ್ಲಿಗೆ ಕೊರೆಯಬೇಕು. ಕೊಂಬು ಬಾಗಿರುವುದರಿಂದ ಇಲ್ಲೇ ಡ್ರಿಲ್ ಪಕ್ಕಕ್ಕೆ ಹರಿಯುವುದು. ಬುಡ ಕುದಿಯುವ ನೀರಿನಲ್ಲಿ ಮೆತ್ತಗಾದಾಗ ಓರೆಯಾಗಿ ಕಡೆದ ಮರದ ಅಚ್ಚು ಒತ್ತಿದರೆ ದುಂಡಗಾಗುತ್ತದೆ. ಅದೇ ಆಕಾರದ ಪೈನ್ ಅಥವಾ ವಾಲ್ನಟ್ ಮರದ ಮುಚ್ಚಳ ಮಾಡಿ, ಸುತ್ತ ಜೇನುಮೇಣ ಸವರಿ, ಮರದ ಮೊಳೆಯಲ್ಲೋ ಹಿತ್ತಾಳೆ ಮೊಳೆಯಲ್ಲೋ ಬಿಗಿಯಿರಿ. ಕಬ್ಬಿಣದ ಮೊಳೆ ಬೇಡ. ತುದಿಗೆ ಗಟ್ಟಿ ಮರದ ಬಿರಡೆ. ಮದ್ದು ತುಂಬುವ ಮೊದಲು ತುದಿಯಲ್ಲಿ ಬಾಯಿಟ್ಟು ಗಾಳಿ ಎಳೆಯಿರಿ. ಗಾಳಿ ಒಳಗೆ ಬಂದರೆ ತೇವವೂ ಬರುತ್ತದೆ, ಮತ್ತೆ ಮೇಣ ಹಚ್ಚಿ. ಇನ್ನೊಂದು ಕಾಟ ಹುಳದ್ದು, ಕೊಂಬು ತಿನ್ನುವ ಹುಳಗಳಿವೆ. ಬಳಸದೇ ಪೆಟ್ಟಿಗೆಯಲ್ಲಿ ಇಟ್ಟರೆ ಆಗಾಗ ತೆಗೆದು ನೋಡಿ.

ಫ್ಲಾಸ್ಕ್ ಹತ್ತೊಂಬತ್ತನೇ ಶತಮಾನದ ವಸ್ತು. ಸನ್ನೆ ಒತ್ತಿದರೆ ಮೂತಿಯೊಳಗೆ ಒಂದು ಅಳತೆ ಬೀಳುತ್ತದೆ. ಬೇಗ ಆಗುತ್ತದೆ. ಮೇಜಿನ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಆ ಮೂತಿಯೇ ಆಸೆ ಹುಟ್ಟಿಸುವುದು, ನೇರ ನಳಿಗೆಗೇ ಸುರಿದುಬಿಡೋಣ ಅಂತ. ಮೊದಲು ಹೇಳಿದ ಮಾತು ಇದಕ್ಕೂ ಸೇರುತ್ತದೆ, ಬೇಕಾದಷ್ಟು ರೇಂಜುಗಳಲ್ಲಿ ಇದಕ್ಕೆ ಅವಕಾಶವೂ ಇಲ್ಲ. ಫ್ಲಾಸ್ಕಿನಿಂದ ಅಳತೆಗೆ, ಅಳತೆಯಿಂದ ನಳಿಗೆಗೆ. ಮನೆಯಲ್ಲಿ ಇದನ್ನು ಮಾಡೋಕೆ ಹೋಗಬೇಡಿ. ಮದ್ದು ತುಂಬುವ ಲೋಹದ ಡಬ್ಬಿಯ ಬೆಸುಗೆ ಕಲಿಯುವವರ ಕೈಯಲ್ಲಿ ಆಗುವ ಕೆಲಸ ಅಲ್ಲ.

ಅಳೆದಿಟ್ಟ ಕೊಳವೆಗಳು ನೋಡೋಕೆ ಏನೂ ಚೆಂದ ಇಲ್ಲ, ಆದರೆ ನನ್ನ ಮೂರು ಲೆಕ್ಕದಲ್ಲಿ ಇವೇ ಮುಂದೆ. ಒಂದು ಕೊಳವೆಯಲ್ಲಿ ಒಂದೇ ಈಡು, ಹಾಗಾಗಿ ಕೈ ಹತ್ತಿರ ಜಾಸ್ತಿ ಮದ್ದು ಇರುವುದೇ ಇಲ್ಲ. ಮನೆಯಲ್ಲಿ ನಿಧಾನಕ್ಕೆ ಅಳೆದದ್ದು, ಹಾಗಾಗಿ ಒಂದೇ ಸಮ. ಚಳಿಯಲ್ಲಿ ಮುಚ್ಚಳ ತೆಗೆದು ಸುರಿದರೆ ಆಯಿತು. ಮದ್ದು ಹಾಕಿದೆನಾ ಇಲ್ಲವಾ ಅನ್ನೋ ಗೊಂದಲ, ಅದರಿಂದ ಎರಡು ಈಡು ಬೀಳೋದು, ಇದರಲ್ಲಿ ಕಡಿಮೆ, ಖಾಲಿ ಕೊಳವೆಯೇ ಸಾಕ್ಷಿ. ಗಟ್ಟಿ ಮುಚ್ಚಳದ ಸಣ್ಣ ಪ್ಲಾಸ್ಟಿಕ್ ಕೊಳವೆಗಳು ಸಾಕು. ಮೇಲೆ ಎಷ್ಟು ಗ್ರೇನ್, ಯಾವ ಮದ್ದು ಅಂತ ಬರೆದಿರಲೇಬೇಕು. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡಿ.

ಇದು ಹೊಸ ಕಾಲದ ಸೋಮಾರಿತನ ಅಂತ ಕೊಂಬಿನವರು ಮೂಗು ಮುರಿಯುತ್ತಾರೆ. ಹಾಗೇನಿಲ್ಲ. ಹದಿನೇಳನೇ ಶತಮಾನದ ಯುರೋಪಿನ ಸಿಪಾಯಿಗಳು ಎದೆಯ ಮೇಲಿನ ಪಟ್ಟಿಗೆ ಒಂದು ಡಜನ್ ಮರದ ಬುರುಡೆ ನೇತುಹಾಕಿಕೊಂಡೇ ಓಡಾಡುತ್ತಿದ್ದರು, ಒಂದೊಂದರಲ್ಲಿ ಒಂದೊಂದು ಈಡು. ಆಮೇಲೆ ಕಾಗದದ ತೋಟಾ ಬಂತು. ನಮಗೆ ಅದರ ಕಥೆ ಶಾಲೆಯಲ್ಲೇ ಗೊತ್ತು, ಎನ್‌ಫೀಲ್ಡ್ ಕೋವಿಯ ತೋಟಾಗೆ ದನ ಹಂದಿ ಕೊಬ್ಬು ಸವರಿದ್ದಾರೆ ಅನ್ನೋ ಸುದ್ದಿ ಸಿಪಾಯಿಗಳನ್ನು ಎಬ್ಬಿಸಿದ್ದು. ಅದೇ 1857ರಲ್ಲಿ ಆಯುಧ ಒಪ್ಪಿಸಿ ಅಂದದ್ದಕ್ಕೆ ಮುಧೋಳದ ಹತ್ತಿರ ಹಲಗಲಿಯ ಬೇಡರು ತಿರುಗಿಬಿದ್ದರು. ಇವತ್ತು ಕಾಗದದ ತೋಟಾ ಸುತ್ತುವುದು ಹಳೇ ಯುದ್ಧಗಳನ್ನು ಮತ್ತೆ ಆಡಿ ತೋರಿಸುವವರಿಗೆ ಸರಿ. ಅವರು ಗುಂಡು ಇಲ್ಲದೆ ಬರೀ ಸದ್ದು ಹೊಡೆಯುವುದು. ಗುರಿ ಹೊಡೆಯುವ ರೈಫಲ್ಲಿಗೆ ಅದರ ಅಗತ್ಯ ಇಲ್ಲ.

ಬಟ್ಟೆ, ಜಿಡ್ಡು, ಗುಂಡಿನ ಹಲಗೆ

ಮನೆಯಲ್ಲಿ ಮಾಡಿಕೊಂಡರೆ ಅಂಗಡಿಯದ್ದಕ್ಕಿಂತ ನಿಜವಾಗಿಯೂ ಚೆನ್ನಾಗಿ ಆಗುವುದು ಇಲ್ಲಿ. ಗುಂಡಿಗೆ ಸುತ್ತುವ ಬಟ್ಟೆ, ಅಂದರೆ ಪ್ಯಾಚು, ಪೂರ್ತಿ ಹತ್ತಿಯದ್ದೋ ಲಿನನ್ನೋ ಆಗಿರಬೇಕು. ಪಾಲಿಯೆಸ್ಟರ್ ಬೆರೆತರೆ ಕರಗಿ ನಳಿಗೆಗೆ ಅಂಟುತ್ತದೆ. ದಿಂಬಿನ ಗಟ್ಟಿ ಪಟ್ಟಾಪಟ್ಟಿ ಬಟ್ಟೆ ಇಲ್ಲಿಯವರಿಗೆ ಪ್ರಿಯ. ಹೊಸ ಬಟ್ಟೆಗೆ ಗಂಜಿ ಇರುತ್ತದೆ, ಒಗೆದು ಒಣಗಿಸಿ. 50 ಕ್ಯಾಲಿಬರ್ ನಳಿಗೆಗೆ 0.490 ಇಂಚಿನ ಗುಂಡು, 0.015 ಇಂಚು ದಪ್ಪದ ಬಟ್ಟೆ ಶುರು ಮಾಡೋಕೆ ಒಳ್ಳೆ ಜೋಡಿ.

ದಪ್ಪ ಸರಿ ಇದೆಯಾ ಅಂತ ಹಾರಿದ ಬಟ್ಟೆಯೇ ಹೇಳುತ್ತದೆ. ರೇಂಜು ನಿಲ್ಲಿಸಿದಾಗ ಹೋಗಿ ಹೆಕ್ಕಿಕೊಂಡು ಬನ್ನಿ. ಮಧ್ಯೆ ಗುಂಡಿನಷ್ಟು ಕಪ್ಪು ಗುರುತು, ಸುತ್ತ ನೂಲು ಬಿಚ್ಚಿಕೊಂಡಿದ್ದರೂ ಬಟ್ಟೆ ಇಡಿಯಾಗಿದ್ದರೆ ಎಲ್ಲ ಸರಿ ಇದೆ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು ಅಥವಾ ಜಿಡ್ಡು ಸಾಲಲಿಲ್ಲ. ಗುಂಡಿನ ಅಂಚಿಗೆ ಸರಿಯಾಗಿ ಚಾಕುವಿನಲ್ಲಿ ಕೊಯ್ದ ಹಾಗೆ ಕತ್ತರಿಸಿದ್ದರೆ ನಳಿಗೆಯ ಬಾಯಿ ಚೂಪಾಗಿದೆ, ಅದನ್ನು ಬಲ್ಲವರ ಹತ್ತಿರ ನಯ ಮಾಡಿಸಿ.

ಜಿಡ್ಡಿಗೆ ಪೆಟ್ರೋಲಿಯಂ ಗ್ರೀಸ್ ಬಿಟ್ಟು ಬೇರೆ ಏನಾದರೂ ಸರಿ. ಗ್ರೀಸು ಕರಿಮದ್ದಿನ ಮಸಿಯ ಜೊತೆ ಸೇರಿ ಡಾಂಬರಿನ ಥರ ಆಗುತ್ತದೆ. ಜೇನುಮೇಣಕ್ಕೆ ಉಪ್ಪಿಲ್ಲದ ಕೊಬ್ಬೋ ಎಣ್ಣೆಯೋ ಬೆರೆಸುವುದು ಹಳೇ ಪದ್ಧತಿ. ಮೇಣವನ್ನು ನೇರ ಒಲೆಯ ಮೇಲಿಡಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಚಳಿಗೆ ಮೇಣ ಕಮ್ಮಿ, ಬೇಸಿಗೆಗೆ ಜಾಸ್ತಿ. ಕೊಬ್ಬರಿ ಎಣ್ಣೆ ಮನೆಯಲ್ಲೇ ಇದೆಯಲ್ಲ ಅಂತ ನಮ್ಮವರು ಕೇಳುತ್ತಾರೆ. ಆಗುತ್ತದೆ, ಆದರೆ ಅದು 24 ಡಿಗ್ರಿಗೇ ಕರಗುತ್ತದೆ. ಬೇಸಿಗೆಯಲ್ಲಿ ಅದೊಂದನ್ನೇ ಹಚ್ಚಿದರೆ ಎಣ್ಣೆ ಇಳಿದು ಮದ್ದು ಕೆಡುತ್ತದೆ, ಮೇಣ ಬೆರೆಸಲೇಬೇಕು. ಕೊಬ್ಬು ಬೇಡ ಅನ್ನುವ ಸಸ್ಯಾಹಾರಿಗಳಿಗೆ ಆಲಿವ್ ಎಣ್ಣೆ, ಜೇನುಮೇಣ ಸಾಕು. ರೇಂಜಿನಲ್ಲಿ ತುಂಬಿ ಕೂಡಲೇ ಹೊಡೆಯುವುದಾದರೆ ಬರೀ ಎಂಜಲೂ ನಡೆಯುತ್ತದೆ, ಮಸಿ ಮೆತ್ತಗೆ ಇರುತ್ತದೆ. ಕಾಡಿನಲ್ಲಿ ತುಂಬಿಕೊಂಡು ತಿರುಗುವವರಿಗೆ ಎಂಜಲು ಬೇಡ, ಒಣಗುತ್ತದೆ, ತುಕ್ಕೂ ಹಿಡಿಸುತ್ತದೆ.

ಗುಂಡಿನ ಹಲಗೆ ಅಂದರೆ ಮೇಪಲ್ಲೋ ವಾಲ್ನಟ್ಟೋ ಮರದ ತುಂಡಿಗೆ ತೂತು ಕೊರೆದು, ಬಟ್ಟೆ ಸಮೇತ ಗುಂಡು ಕೂರಿಸಿಟ್ಟುಕೊಳ್ಳುವುದು. 50 ಕ್ಯಾಲಿಬರಿಗೆ ಅರ್ಧ ಇಂಚಿನ ತೂತು ಹಿಡಿಯುತ್ತದೆ. ಒಂದು ಭಾನುವಾರದ ಮಧ್ಯಾಹ್ನದ ಕೆಲಸ. ಬೇಟೆಗೆ ಎರಡನೇ ಈಡು ಬೇಗ ತುಂಬೋಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಜಿಡ್ಡನ್ನೆಲ್ಲ ಮರ ಕುಡಿದುಬಿಡುತ್ತದೆ. ರೇಂಜಿಗೆ ಬೇಕಿಲ್ಲ, ಅಲ್ಲಿ ಉದ್ದ ಪಟ್ಟಿ ಬಟ್ಟೆ ಇಟ್ಟುಕೊಂಡು ಗುಂಡು ಕೂರಿಸಿ ಬಾಯಿಯ ಮಟ್ಟಕ್ಕೆ ಚಾಕುವಿನಲ್ಲಿ ಕೊಯ್ದರೆ ಪ್ಯಾಚು ಪ್ರತಿ ಸಲ ನಡುವಿಗೇ ಬರುತ್ತದೆ. ಗುಂಡನ್ನು ಮೊದಲೆರಡು ಇಂಚು ಇಳಿಸುವ ಗಿಡ್ಡ ಕೋಲು ಬೇಕಾದರೆ ಮರದ ಗುಬಟಿಗೆ ಗೂಟ ಸಿಗಿಸಿ ಮಾಡಿಕೊಳ್ಳಿ, ಚಿಕ್ಕದಾದ್ದರಿಂದ ಮುರಿಯುವ ಭಯ ಕಮ್ಮಿ. ಹದಿನೆಂಟನೇ ಶತಮಾನದವರು ಅದನ್ನು ಬಳಸಿದ್ದಕ್ಕೆ ಪುರಾವೆ ಎಲ್ಲಿ ಅಂತ ರಾಂಡೆವೂಗಳಲ್ಲಿ ಜಗಳ ಆಡುವವರಿದ್ದಾರೆ, ಹೋಗುವವರು ತಯಾರಾಗಿರಿ.

ಕಿವಿಮದ್ದು, ಕೇಪು

ಚಕಮಕಿ ಕೋವಿಯ ಪಕ್ಕದ ಬಟ್ಟಲಿಗೆ ಹಾಕುವ ನುಣ್ಣನೆ ಮದ್ದಿಗೆ, ಅಂದರೆ ಕಿವಿಮದ್ದಿಗೆ, ಒಂದು ಪುಟ್ಟ ಕೊಂಬು ಸಾಕು, ದೊಡ್ಡ ಕೊಂಬು ಮಾಡುವ ಮೊದಲು ಕೈ ಪಳಗಿಸೋಕೆ ಅದೇ ಒಳ್ಳೆಯದು. ಪೈರೋಡೆಕ್ಸ್ ಬಟ್ಟಲಲ್ಲಿ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ, ಚಕಮಕಿಯವರಿಗೆ ಅಸಲಿ ಕರಿಮದ್ದೇ ಬೇಕು. ಬಟ್ಟಲಿನಿಂದ ನಳಿಗೆಗೆ ಬೆಂಕಿ ಹೋಗುವ ಕಿವಿತೂತು ಚೊಕ್ಕ ಮಾಡೋಕೆ ಹಿತ್ತಾಳೆ ತಂತಿ ಮನೆಯಲ್ಲೇ ಆಗುತ್ತದೆ.

ಕೇಪಿನವರಿಗೆ ಸ್ಪ್ರಿಂಗ್ ಇರುವ ಹಿತ್ತಾಳೆ ಕೇಪು ಡಬ್ಬಿ ಕೊಳ್ಳುವುದಕ್ಕಿಂತ ದಪ್ಪ ಚರ್ಮದ ತುಂಡು ವಾಸಿ. ಕೇಪಿಗಿಂತ ಚೂರು ಸಣ್ಣ ತೂತುಗಳನ್ನು ಅಂಚಿಗೆ ಹೊಡೆದು ಒಂದೊಂದರಲ್ಲಿ ಒಂದೊಂದು ಕೇಪು ಸಿಗಿಸಿ, ಹಾಗೇ ಕೋವಿಯಲ್ಲಿ ಕೇಪು ಕೂರುವ ಮೊಳಕೆಗೆ, ಅಂದರೆ ನಿಪ್ಪಲ್ಲಿಗೆ, ಒತ್ತಿ ಎಳೆದರೆ ಕೂರುತ್ತದೆ. ಸ್ಪ್ರಿಂಗ್ ಡಬ್ಬಿ ಮಸಿ ಹಿಡಿದರೆ ಸಿಕ್ಕಿಕೊಳ್ಳುತ್ತದೆ, ಚರ್ಮಕ್ಕೆ ಆ ರೋಗ ಇಲ್ಲ. ಕೇಪುಗಳನ್ನು ಮದ್ದಿನ ಜೊತೆ ಒಂದೇ ಚೀಲದಲ್ಲಿ ಇಡಬೇಡಿ, ಕಾಸಿನ ಜೊತೆ ಜೇಬಿನಲ್ಲಿ ಹಾಕಿಕೊಳ್ಳಲೇಬೇಡಿ. ಕೇಪಾಗಲೀ ಕಿವಿಮದ್ದಾಗಲೀ ಎಲ್ಲ ಮುಗಿದು ಕೋವಿಯ ಬಾಯಿ ಗುರಿಯ ಕಡೆ ತಿರುಗಿದ ಮೇಲೆಯೇ.

ಹಾಗಾದರೆ ಯಾರಿಗೆ ಯಾವುದು

ತಿಂಗಳಿಗೊಮ್ಮೆ ರೇಂಜಿಗೆ ಹೋಗುವವರು, ಜಾಸ್ತಿ ಖರ್ಚು ಬೇಡ ಅನ್ನುವವರು ಹಿತ್ತಾಳೆ ಕೇಸಿನ ಅಳತೆ, ಪ್ಲಾಸ್ಟಿಕ್ ಕೊಳವೆ, ಮನೆಯ ಬಟ್ಟೆ, ಮನೆಯ ಜಿಡ್ಡು ಇಟ್ಟುಕೊಳ್ಳಿ. ಉಳಿದ ದುಡ್ಡೆಲ್ಲ ಗಜಕ್ಕೆ ಹಾಕಿ. ಕೊಂಬು ಬೇಡವೇ ಬೇಡ.

ಚಳಿಗಾಲದ ಬೇಟೆಯವರಿಗೆ ಎರಡು ಮೂರು ಕೊಳವೆ, ಗುಂಡಿನ ಹಲಗೆ, ಕುತ್ತಿಗೆಗೆ ಪುಟ್ಟ ಕಿವಿಮದ್ದಿನ ಕೊಂಬು. ದೊಡ್ಡ ಕೊಂಬು ಪೊದೆಗೆ ಸಿಕ್ಕಿಕೊಳ್ಳುತ್ತದೆ, ಒಂದು ದಿನಕ್ಕೆ ಅಷ್ಟು ಮದ್ದು ಯಾಕೆ ಬೇಕು?

ರಾಂಡೆವೂ ಹುಚ್ಚಿನವರು, ಇಂಡಿಯಾನಾದ ಫ್ರೆಂಡ್‌ಶಿಪ್ ಊರಲ್ಲಿ ನಡೆಯುವ ರಾಷ್ಟ್ರೀಯ ಪಂದ್ಯಗಳನ್ನು ನೋಡಿ ಬಂದು ತಲೆ ಕೆಡಿಸಿಕೊಂಡವರು, ಕೊಂಬು ಮಾಡಿ. ಜಿಂಕೆ ಕೊಂಬಿನ ಅಳತೆಯನ್ನು ದಾರದಲ್ಲಿ ಅದಕ್ಕೇ ಕಟ್ಟಿ, ಸೀಳಿದ ಹಿಕರಿ ಗಜ ಇಟ್ಟುಕೊಳ್ಳಿ. ಹದಿನೆಂಟನೇ ಶತಮಾನದ ವೇಷ ಹಾಕುವವರಿಗೆ ಫ್ಲಾಸ್ಕ್ ಕಾಲದ ಲೆಕ್ಕದಲ್ಲಿ ಕೂರುವುದಿಲ್ಲ.

ಒಂದೇ ಕಡೆ ನಿಂತು ದಿನವಿಡೀ ಕರಿಮದ್ದಿನ ರಿವಾಲ್ವರ್ ಹೊಡೆಯುವವರಿಗೆ ಮಾತ್ರ ಫ್ಲಾಸ್ಕ್ ಸರಿ, ಅದೂ ಅಂಗಡಿಯದ್ದೇ. ಮಕ್ಕಳಿಗೆ ಕಲಿಸುವವರಾದರೆ ಕೊಂಬು, ಫ್ಲಾಸ್ಕ್ ಎರಡನ್ನೂ ಮನೆಯಲ್ಲೇ ಬಿಟ್ಟು ಬರೀ ಕೊಳವೆ ತನ್ನಿ, ಒಂದು ಸಲಕ್ಕೆ ಒಂದೇ ಕೊಳವೆ ಕೈಗೆ ಕೊಡಿ. ಉಳಿದದ್ದು ಮುಚ್ಚಳ ಹಾಕಿದ ಪೆಟ್ಟಿಗೆಯಲ್ಲಿ, ನಿಮ್ಮ ಹಿಂದೆ ಇರಲಿ.